ಬಾವಿ ಇಂಜನ್ನಿನ ದೋಣಿ

ಆ ದಿನ ಮಧ್ಯಾಹ್ನದೊಳಗೆ ನಮ್ಮ ಮನೆಯಲ್ಲಿ ಆದ ಕೆಲಸಗಳು ಇಷ್ಟು. ಅವ್ವ ಒಲೆಯ ಬೂದಿ ತೆಗೆದು, ನೆಲ ಸಾರಿಸಿ, ಎರಡೂ ಹೊತ್ತಿಗಾಗುವಷ್ಟು ಜೋಳದ ರೊಟ್ಟಿ ಬಡಿದಳು. ಬಿಸಿಲೇರಿದ ಮೇಲೆ ತಗಡಿನ ಪತ್ರಾದ ಮನೆಯಲ್ಲಿ ಒಲೆಯ ಮುಂದೆ ಕೂಡುವ ಹಾಗಿರಲಿಲ್ಲ. ಅಪ್ಪನ ತಾಯಿ, ನಾವು ಆಯಿ ಎಂದು ಕರೆಯುತ್ತಿದ್ದವಳು, ಬೇವಿನ ನೆರಳಲ್ಲಿ ಕುರಿಗಳ ಉಣ್ಣೆ ಕತ್ತರಿಸಿ, ಕತ್ತರಿಯನ್ನು ಸೆರಗಿಗೆ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಪ್ಪ ದೋಣಿಯ ಇಂಜನ್ನಿನ ಎಣ್ಣೆ ನೋಡಿದ, ನೀರೆಳೆಯುವ ಪೈಪಿನ ಜಾಳಿಗೆಗೆ ಅಂಟಿದ್ದ ಪಾಚಿ ಬಿಡಿಸಿದ, ಹಾಲಿನ ಕ್ಯಾನುಗಳನ್ನು ಆಚೆ ದಡಕ್ಕೆ ಮುಟ್ಟಿಸಿ, ಖಾಲಿ ಕ್ಯಾನುಗಳನ್ನು ತಂದಿಟ್ಟ. ನಾನು ಕುರಿಮರಿಗಳಿಗೆ ನೀರು ಕುಡಿಸಿದೆ, ಕೊಡ ತಿಕ್ಕಿದೆ, ತಮ್ಮನನ್ನು ಎತ್ತಿಕೊಂಡು ತಿರುಗಿದೆ, ಅವನು ನೆಲಕ್ಕೆಸೆದ ರೊಟ್ಟಿಯ ಅಂಚನ್ನು ಊದಿ ಮತ್ತೆ ಅವನ ಕೈಗೆ ಕೊಟ್ಟೆ. ತಮ್ಮನ ಹೆಸರು ಬೀರು. ಮನೆದೇವರು ಬೀರಪ್ಪನ ಹೆಸರನ್ನೇ ಇಟ್ಟಿದ್ದರು. ಬಾಗಿಲು ಹಿಡಿದು ಎದ್ದು ನಿಲ್ಲುವುದನ್ನು ಅವನು ಆಗಷ್ಟೇ ಕಲಿತಿದ್ದ. ಅವತ್ತು ನಿಲ್ಲಲಿಲ್ಲ. ಹೊಸಿಲಿಗೆ ಕೆನ್ನೆಯಿಟ್ಟು ಮಲಗಿಬಿಟ್ಟ. ಆಡಿ ದಣಿದಿರಬೇಕೆಂದು ಅವ್ವ ಅವನನ್ನು ಎತ್ತಿ ತೊಟ್ಟಿಲಿಗೆ ಹಾಕಿದಳು.

ನಮ್ಮದು ಒಂದೇ ಉದ್ದನೆಯ ಕೋಣೆಯ ಮನೆ. ಭೂಕಂಪದಲ್ಲಿ ಹಳೆಯ ಕಲ್ಲುಮನೆ ಬಿದ್ದ ಮೇಲೆ ಕೊಟ್ಟಿದ್ದ ಪತ್ರಾ ಶೆಡ್ಡು. ಕಾಯಂ ಮನೆಗಳು ಆಚೆ ದಡದಲ್ಲಿ, ಸಾಸ್ತೂರಿನ ಕಡೆ ಏಳುತ್ತಿದ್ದವು. ನಾವು ಕುರಿ ಬಿಟ್ಟು ಹೋಗಲಾರದೆ ಈಚೆ ಉಳಿದಿದ್ದೆವು. ಕಲ್ಲಿನ ಮನೆಯಲ್ಲಿ ಇನ್ನು ಮಲಗುವುದಿಲ್ಲವೆಂದು ಆಯಿಯೂ ಹಟ ಹಿಡಿದಿದ್ದಳು. ಅವ್ವನ ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿ ಕೋಣೆಯನ್ನು ಎರಡು ಮಾಡಿಕೊಂಡಿದ್ದೆವು. ಈಚೆ ಒಲೆ, ಹಿಟ್ಟಿನ ಡಬ್ಬಿ, ತೊಟ್ಟಿಲು. ಆಚೆ ಅಪ್ಪನ ಮಂಚ, ಅದರ ಕೆಳಗೆ ಡೀಸೆಲ್ಲಿನ ಕ್ಯಾನು. ನಮ್ಮ ರೊಟ್ಟಿಗೆ ಸದಾ ಒಂದಿಷ್ಟು ಡೀಸೆಲ್ಲಿನ ವಾಸನೆ ಇರುತ್ತಿತ್ತು. ಬೇರೆಯವರ ಮನೆಯ ರೊಟ್ಟಿ ನನಗೆ ಸಪ್ಪೆ ಎನಿಸುತ್ತಿತ್ತು. ಮೂಡಣ ಮೂಲೆಯಲ್ಲಿ ದೇವರು. ಮಡಚಿದ ಕರಿ ಕಂಬಳಿಯ ಗದ್ದುಗೆ, ಅದರ ಮೇಲೆ ಬೀರಪ್ಪ, ಪಕ್ಕಕ್ಕೆ ಅರಿಶಿನ ಭಂಡಾರದ ಬಟ್ಟಲು. ದೇವರ ಪಕ್ಕದ ಮೊಳೆಗೆ ಇಂಜನ್ನು ತಿರುಗಿಸಿ ಚಾಲೂ ಮಾಡುವ ಕಬ್ಬಿಣದ ಹ್ಯಾಂಡಲ್ಲು. ಅದನ್ನು ದೋಣಿಯಲ್ಲೇ ಬಿಟ್ಟರೆ ಹುಡುಗರು ನೀರಿಗೆ ಹಾಕಿಯಾರು ಎಂದು ಅಪ್ಪ ದಿನಾ ಮನೆಗೆ ತರುತ್ತಿದ್ದ. ದೇವರ ಮಗ್ಗುಲಲ್ಲಿ ಎಣ್ಣೆಜಿಡ್ಡಿನ ಕಬ್ಬಿಣ ನೇತುಹಾಕಿದ್ದಕ್ಕೆ ಆಯಿ ವಾರವಿಡೀ ಬಯ್ಯುತ್ತಿದ್ದಳು. ರವಿವಾರ ಬಂತೆಂದರೆ ತಾನೇ ಅದಕ್ಕೂ ಭಂಡಾರ ಹಚ್ಚುತ್ತಿದ್ದಳು.

ಆ ಇಂಜನ್ನು ದೋಣಿಗಾಗಿ ಹುಟ್ಟಿದ್ದಲ್ಲ. ನಮ್ಮ ಬಾವಿಯ ಮೇಲೆ ಕೂತು ನೀರೆತ್ತುತ್ತಿದ್ದದ್ದು. ತೇರಣಾ ಹೊಳೆಗೆ ಅಡ್ಡ ಧರಣ ಕಟ್ಟಿದಾಗ ಹಿಂದೆ ನಿಂತ ನೀರು ಕೆರೆಯಾಗಿ ಮೆಲ್ಲಗೆ ಮೇಲೇರಿ, ಮೊದಲು ಹೊಲದ ಬದು, ಆಮೇಲೆ ಜಾಲಿಗಿಡಗಳು, ಕೊನೆಗೆ ಬಾವಿ ಮುಳುಗಿದವು. ಮುಳುಗುವ ಮುಂಚೆ ಅಪ್ಪ ಇಂಜನ್ನು ಕಳಚಿ ಗಾಡಿಯಲ್ಲಿ ತಂದು ಅಂಗಳದಲ್ಲಿಟ್ಟ. ಎಷ್ಟೋ ದಿನ ಅದು ಗೋಣಿಚೀಲ ಹೊದ್ದು ಹಾಗೇ ಕೂತಿತ್ತು. ಮಾರಿಬಿಡು, ಆ ದುಡ್ಡಿಗೆ ಕುರಿ ತರೋಣ ಎಂಬುದು ಆಯಿಯ ಮಾತು. ಅಪ್ಪನಿಗೆ ಅದನ್ನು ಕೊಡಲು ಮನಸ್ಸು ಬರಲಿಲ್ಲ. ನಮ್ಮ ವಸ್ತಿಗೆ ಮೂರು ಕಡೆ ನೀರು ಬಂದು, ಸಾಸ್ತೂರಿಗೆ ಹೋಗಲು ಸುತ್ತು ಹಾದಿ ಹಿಡಿಯಬೇಕಾಗಿತ್ತು. ಅಪ್ಪ ಉಮರ್ಗಾದ ಹೈವೇ ಮಗ್ಗುಲಿನ ಒಬ್ಬ ವೆಲ್ಡಿಂಗ್ ಮಿಸ್ತ್ರಿಯ ಹತ್ತಿರ ಪತ್ರಾದ ದೋಣಿ ಮಾಡಿಸಿದ. ಟ್ರಕ್ಕಿನ ಹಳೆಯ ಸರಳಿನ ತುದಿಗೆ ನೀರು ತಳ್ಳುವ ಪಂಖಾ ಕೂಡಿಸಿ ಬಾವಿಯ ಇಂಜನ್ನನ್ನು ಅದರೊಳಗೆ ಕೂರಿಸಿದ. ಮುಂದೆ ಅದೇ ನಮ್ಮ ಅನ್ನವಾಯಿತು. ಸಂತೆಗೆ ಹೋಗುವವರು, ಹಾಲಿನ ಕ್ಯಾನು, ಬೀಗರು, ಕುರಿ, ಎಲ್ಲ ಅದರಲ್ಲೇ ದಾಟುತ್ತಿದ್ದವು. ಆಚೆ ದಡದಲ್ಲಿ ಹಾಲು ಇಳಿಸಿಕೊಳ್ಳುವ ಮೆಹಬೂಬ್ ಚಾಚಾ, ಬಾವಿ ನೆನೆದು ಇಂಜನ್ನು ಅಳುತ್ತಿದೆಯೆಂದು ಅಪ್ಪನನ್ನು ಕಂಡಾಗಲೆಲ್ಲ ಕೆಣಕುತ್ತಿದ್ದ.

"ಕ್ಯಾ ಮಾಳಪ್ಪಾ, ಇಂಜನ್ ಬಾವ್ಡೀಕು ಯಾದ ಕರ್ಕೆ ರೋತೈ ಕ್ಯಾ? ಆವಾಜ್ ಸುನೋ!"

"ಅಳಾಕ ಅದೇನ್ ನಿನ್ನ ಎಮ್ಮಿ ಏನ್ ಚಾಚಾ? ನಿನ್ನ ಹಾಲಿನ್ಯಾಗ ಎಷ್ಟ್ ನೀರ್ ಅದ ಅಂತ ನೋಡಿ ನಗ್ಲತ್ತದ ಅದು."

ಬಾವಿಯ ಮೇಲೆ ಇದ್ದಾಗ ಅದಕ್ಕೆ ತಣ್ಣಗಿನ ಒರತೆ ನೀರು ಸಿಗುತ್ತಿತ್ತು. ದೋಣಿಯಲ್ಲಿ ಕೆರೆಯ ನೀರನ್ನೇ ಎಳೆದುಕೊಂಡು ಮೈ ತಣಿಸಿಕೊಂಡು, ಕಾದ ನೀರನ್ನು ಮಗ್ಗುಲಿನ ಸಣ್ಣ ಪೈಪಿನಿಂದ ಹೊರಗೆ ಬಿಡಬೇಕು. ಮಳೆಗಾಲ, ಚಳಿಗಾಲದಲ್ಲಿ ಏನೂ ತ್ರಾಸಿರಲಿಲ್ಲ. ಬೇಸಗೆಯಲ್ಲಿ ಕೆರೆ ಹಿಂದೆ ಸರಿದು, ಮುಳುಗಿದ್ದ ಜಾಲಿಯ ಬೊಡ್ಡೆಗಳು ಚೂಪಾಗಿ ತಲೆ ಎತ್ತುತ್ತಿದ್ದವು. ಉಳಿದ ನೀರು ಕಾದ ಹಂಡೆಯ ಹಾಗಾಗುತ್ತಿತ್ತು. ಮೇಲೆ ಪಾಚಿ, ಕುರಿ ತೊಳೆದ ದಿನ ಉಣ್ಣೆಯೂ ತೇಲುತ್ತಿತ್ತು. ಜಾಳಿಗೆಗೆ ಅದು ಮೆತ್ತಿಕೊಂಡರೆ ಇಂಜನ್ನಿಗೆ ನೀರಿಲ್ಲ. ಆದ್ದರಿಂದ ಬೇಸಗೆಯಲ್ಲಿ ನನ್ನ ಕೆಲಸ ಆ ಸಣ್ಣ ಪೈಪಿನ ಕೆಳಗೆ ಆಗಾಗ ಕೈ ಹಿಡಿಯುವುದು. ಕೈ ಕಾವು ತಡೆದುಕೊಂಡರೆ ಅಪ್ಪ ಹಾಗೇ ಹೋಗುತ್ತಿದ್ದ. ಕೈ ಹಿಂದಕ್ಕೆ ಎಳೆದುಕೊಂಡರೆ ಇಂಜನ್ನನ್ನು ನಿಧಾನ ಮಾಡುತ್ತಿದ್ದ, ಆದರೆ ನಿಲ್ಲಿಸುತ್ತಿರಲಿಲ್ಲ. ಕಾದದ್ದನ್ನು ಫಕ್ಕನೆ ನಿಲ್ಲಿಸಿದರೆ ಒಳಗಿನ ನೀರೂ ನಿಂತು ಕಾವು ಇನ್ನೂ ಏರುತ್ತದೆ. ಮೇಲೆ ತಣ್ಣೀರು ಸುರಿದರಂತೂ ಇಂಜನ್ನಿನ ಮೈಯ ಬೀಡುಕಬ್ಬಿಣ ಸೀಳುತ್ತದೆ. ಇವು ಅಪ್ಪ ನನಗೆ ಕಲಿಸಿದ ಪಾಠಗಳು. ಓದು ಬರಹ ನಾನು ಆಮೇಲೆ ಕಲಿತೆ. ಈಗಲೂ ಉದಗೀರದ ನಮ್ಮ ಮನೆಯಲ್ಲಿ ಕೂಲರ್ ಹಚ್ಚಿದಾಗ, ಹುಲ್ಲಿನ ಮೇಲಿಂದ ಇಳಿಯುವ ನೀರಿನ ಕೆಳಗೆ ನನ್ನ ಕೈ ತಾನೇ ಹೋಗಿ ನಿಲ್ಲುತ್ತದೆ. ಮನೆಯವರು ನಗುತ್ತಾರೆ.

ಮಳೆಗಾಲದಲ್ಲಿ ಇಂಜನ್ನಿಗೆ ಅಪ್ಪ ಒಂದು ಪತ್ರಾದ ಗೂಡು ಹಾಕುತ್ತಿದ್ದ, ಮುಂದೆ ತೆರೆದದ್ದು, ಮೇಲೆ ಇಳಿಜಾರು. ಬೇಸಗೆಯಲ್ಲಿ ಅದು ಒಲೆಯ ಹಾಗಾಗುತ್ತದೆಂದು ಬಿಚ್ಚಿ ಅಂಗಳದ ಕೋಳಿಗಳಿಗೆ ಕೊಟ್ಟುಬಿಡುತ್ತಿದ್ದ. ಆ ಬೇಸಗೆ ಎಂದಿಗಿಂತ ಕೆಟ್ಟದಾಗಿತ್ತು. ದೋಣಿ ಹತ್ತುವವರು ಕಡಿಮೆಯಾದರು. ನಡುನೀರಲ್ಲಿ ಇಂಜನ್ನು ತಣಿಯುವ ತನಕ ಬಿಸಿಲಲ್ಲಿ ಕೂಡುವುದಕ್ಕಿಂತ ನಡೆದು ಹೋಗುವುದೇ ಮೇಲು ಅನ್ನುತ್ತಿದ್ದರು. ಅಪ್ಪ ಮಾತು ಕಡಿಮೆ ಮಾಡಿದ. ಉಣ್ಣುವಾಗ ಕೈಯ ರೊಟ್ಟಿ ಹಾಗೇ ಹಿಡಿದು ಬಾಗಿಲಾಚೆ ಕೆರೆಯನ್ನು ನೋಡುತ್ತ ಕೂಡುತ್ತಿದ್ದ. ಅವ್ವ ಮಜ್ಜಿಗೆಗೆ ನೀರು ಹೆಚ್ಚು ಮಾಡಿದಳು. ಆಯಿ ದೇವರ ಕಂಬಳಿಯ ಮುಂದೆ ಕೂತು ಗೊಣಗುವುದು ಜಾಸ್ತಿಯಾಯಿತು.

ದೇವರ ಕಂಬಳಿಯೆಂದರೆ ವರ್ಷದ ಮೊದಲ ಉಣ್ಣೆಯಿಂದ ನೇಯಿಸಿದ್ದು. ಆಯಿಯೇ ನೂಲು ತೆಗೆಯುತ್ತಿದ್ದಳು, ನೇಯ್ದು ಬಂದ ಮೇಲೆ ಹುಣಸೆ ಬೀಜದ ಗಂಜಿ ಕುಡಿಸಿ ಬಿರುಸು ಮಾಡುತ್ತಿದ್ದಳು. ಅದು ಬರೀ ಗದ್ದುಗೆಗಲ್ಲ. ನಮ್ಮ ಮನೆಯಲ್ಲಿ ಕೇಡು ಕಂಡಾಗಲೆಲ್ಲ ದೇವರನ್ನು ಮಣೆಗಿಳಿಸಿ ಆ ಕಂಬಳಿ ತೆಗೆಯುತ್ತಿದ್ದರು. ಆಣೆಕಲ್ಲು ಬಿದ್ದರೆ ಕಾಳಿನ ರಾಶಿಯ ಮೇಲೆ, ಚಳಿಗೆ ನಡುಗುವ ಮರಿಯ ಮೇಲೆ, ಗುಡುಗಿದರೆ ಮನೆಯ ಕಬ್ಬಿಣದ ಸಾಮಾನಿನ ಮೇಲೆ. ಕಬ್ಬಿಣ ಸಿಡಿಲನ್ನು ಕರೆಯುತ್ತದೆ, ಕಂಬಳಿ ಹೊದ್ದದ್ದನ್ನು ಸಿಡಿಲು ಮುಟ್ಟುವುದಿಲ್ಲ ಎಂಬುದು ಆಯಿಯ ನಂಬಿಕೆ. ಜ್ವರ ಬಂದವರಿಗೂ ಅದನ್ನೇ ಹೊದಿಸಿ ಬೆವರು ಇಳಿಸುತ್ತಿದ್ದಳು. ನಾನೂ ಎಷ್ಟೋ ಸಲ ಅದರೊಳಗೆ ಬೆವರಿ ಎದ್ದವಳೇ.

ಆ ದಿನ ಮಧ್ಯಾಹ್ನ ಊಟಕ್ಕೆ ಕೂಡುವ ಹೊತ್ತಿಗೆ ಅವ್ವ ತೊಟ್ಟಿಲೊಳಗೆ ಕೈಯಿಟ್ಟಳು, ಇಟ್ಟ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಪೈಪಿನ ಕೆಳಗಿನಿಂದ ನಾನು ಎಳೆದುಕೊಳ್ಳುತ್ತಿದ್ದೆನಲ್ಲ, ಹಾಗೇ. ಬೀರುವಿನ ಮೈ ಸುಡುತ್ತಿತ್ತು, ಬೆವರೇ ಇರಲಿಲ್ಲ. ತುಟಿ ಒಣಗಿ ಬಿಳುಪಾಗಿತ್ತು. ಕಣ್ಣು ಅರ್ಧ ತೆರೆದಿದ್ದರೂ ಯಾರನ್ನೂ ನೋಡುತ್ತಿರಲಿಲ್ಲ. ಚಮಚದಲ್ಲಿ ಹಾಕಿದ ನೀರು ಕಟವಾಯಿಂದ ಹೊರಗೆ ಹರಿಯಿತು. ಆಯಿ ಆಗಲೇ ದೇವರನ್ನು ಮಣೆಗಿಳಿಸಿ ಕಂಬಳಿ ಬಿಡಿಸುತ್ತಿದ್ದಳು. ಅವ್ವ ಅದನ್ನು ಹಿಡಿದು ಎಳೆದಳು. ಅತ್ತೆಯ ಕೈಯಿಂದ ಅವ್ವ ಏನನ್ನಾದರೂ ಎಳೆದುಕೊಂಡದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

"ಬ್ಯಾಡ್ರೀ ಅತ್ಯಾ. ಕೂಸು ಮದ್ಲೇ ಕುದೀಲತ್ತದ. ಮ್ಯಾಲ ಕಂಬಳಿ ಹಾಕಿದ್ರ ಉಳೀತದೇನು?"

"ನಿನ್ನ ಗಂಡಗ ಹಿಂಗೇ ಹೊಚ್ಚಿ ಹೊಚ್ಚಿ ಬೆಳಸೀನಿ ನಾ. ಅಂವಾ ಸತ್ತಾನೇನು? ಬೆವತ್ರ ಇಳೀತದ, ಬಿಡು."

"ಇದು ಥಂಡಿ ಜ್ವರ ಅಲ್ಲ. ಬಿಸಲ ಬಡದದ. ಪಾರೂ, ಹೋಗಿ ನಿಮ್ಮ ಅಪ್ಪಗ ಕರಿ. ಓಡು!"

ಪಾರೂ ಎಂದರೆ ನಾನು. ಬರಿಗಾಲಲ್ಲಿ ಓಡಿದೆ, ನೆಲ ಸುಟ್ಟದ್ದು ಗೊತ್ತಾಗಲಿಲ್ಲ. ಅಪ್ಪ ಬಂದು ಮಗನ ಎದೆಯ ಮೇಲೆ ಕೈಯಿಟ್ಟ. ಸುತ್ತು ಹಾದಿಯಲ್ಲಿ ಆ ಹೊತ್ತಿಗೆ ಯಾವ ಗಾಡಿಯೂ ಇರಲಿಲ್ಲ. ಸಾಸ್ತೂರಿನ ದವಾಖಾನೆಗೆ ನೀರಿನ ಹಾದಿಯೊಂದೇ. ಅಪ್ಪ ಮೊಳೆಯಿಂದ ಹ್ಯಾಂಡಲ್ಲು ತೆಗೆದ. ಅವ್ವ ಹಸಿ ಬಟ್ಟೆಯಲ್ಲಿ ಬೀರುವನ್ನು ಸುತ್ತಿಕೊಂಡಳು. ರೊಟ್ಟಿಯ ಗಂಟನ್ನು ನನ್ನ ಕೈಗೆ ತುರುಕಿದ್ದು ಯಾರೋ ನೆನಪಿಲ್ಲ. ಆಯಿ ಹಿಂದೆ ಬಂದಳು, ಹೆಗಲ ಮೇಲೆ ದೇವರ ಕಂಬಳಿ.

"ನೀ ಯಾಕ ಯವ್ವಾ? ಮನ್ಯಾಗ ಇರು."

"ನನ್ನ ಮೊಮ್ಮಗಗ ಒಯ್ಲತ್ತೀರಿ, ನಾ ಮನ್ಯಾಗ ಕೂತು ಕೋಳಿ ಎಣಿಸ್ಲೇನು? ನಡಿ."

ದೋಣಿ ನೀರಿಗೆ ಇಳಿದು ಸ್ವಲ್ಪ ದೂರ ಹೋಗುವಷ್ಟರಲ್ಲೇ ಪೈಪಿನ ನೀರು ಕೈಗೆ ತಡೆಯದಾಯಿತು. ನಾನು ಕೈ ಎಳೆದುಕೊಂಡದ್ದನ್ನು ಅಪ್ಪ ಕಂಡ, ಇಂಜನ್ನಿನ ವೇಗ ಇಳಿಸಿದ. ಅವ್ವ ತಲೆ ಎತ್ತಿ ಅವನ ಮುಖ ನೋಡಿದಳು. ಅವಳು ಸೆರಗನ್ನು ಕೆರೆಯಲ್ಲಿ ಅದ್ದಿ ಅದ್ದಿ ಕೂಸಿನ ತಲೆಯ ಮೇಲೆ ಹಿಂಡುತ್ತಿದ್ದಳು. ಆ ನೀರೂ ಬೆಚ್ಚಗೇ ಇತ್ತು. ಗಾಳಿಯಿಲ್ಲ. ಕೆರೆ ಎಣ್ಣೆ ಸುರಿದ ಹಾಗೆ ಮಿನುಗುತ್ತ ಬಿದ್ದಿತ್ತು. ಆಚೆ ದಡದ ಹುಣಸೆ ಮರ ಎಷ್ಟು ಹೊತ್ತಾದರೂ ಇದ್ದಲ್ಲೇ ಇತ್ತು.

"ಏನ್ರೀ, ಜರಾ ಜೋರ್ ಬಿಡ್ರೀ. ಕೂಸಿನ ಕೈಯೆಲ್ಲ ಸೆಟೀಲತ್ತಾವ."

"ಜೋರ್ ಬಿಟ್ರ ಜಾಮ್ ಆಗತದ. ನಡೂ ನೀರಾಗ ನಿಂತ್ರ ಮುಂದ ಹೊಡ್ಯಾಕ ಏನ್ ಅದ?"

"ಇಂಜನ್ ಜಾಮ್ ಆಗತದಂತ ಕೂಸಿಗ ಬಿಡ್ತೀರೇನು?"

ಅಪ್ಪನ ಬಲಗೈ ವೇಗದ ಸಳಿಯ ಮೇಲಿತ್ತು. ಒಮ್ಮೆ ಅದನ್ನು ಮುಂದಕ್ಕೆ ತಳ್ಳಿದ. ಇಂಜನ್ನು ಗುಡುಗಿತು, ದೋಣಿ ಮೂತಿ ಎತ್ತಿತು, ಅವ್ವ ಉಸಿರು ಬಿಟ್ಟಳು. ನಾನು ಕೈ ಹಿಡಿದೆ. ಪೈಪಿನಿಂದ ನೀರಿಗಿಂತ ಹಬೆ ಹೆಚ್ಚು ಬರುತ್ತಿತ್ತು. 'ಅಪ್ಪಾ' ಎಂದೆ, ಅಷ್ಟೇ. ಅಪ್ಪ ಸಳಿಯನ್ನು ಹಿಂದಕ್ಕೆ ತಂದ. ಆಮೇಲೆ ದೋಣಿಯ ಪಕ್ಕಕ್ಕೆ ಬಾಗಿ, ತೋಳುದ್ದ ನೀರಲ್ಲಿ ಕೈಬಿಟ್ಟು ಜಾಳಿಗೆಯನ್ನು ಉಗುರಿಂದ ಕೆರೆದು, ಪಾಚಿ, ಉಣ್ಣೆ ಕೂಡಿದ ಮುದ್ದೆಯನ್ನು ಎಳೆದು ಬಿಸಾಕಿದ. ಅವನ ಕೆನ್ನೆ ನೀರಿಗೆ ತಾಕಿತ್ತು. ಅವನು ಅಳುತ್ತಿದ್ದನೋ, ಕೆರೆಯ ನೀರೋ, ನನಗೆ ಗೊತ್ತಾಗಲಿಲ್ಲ. ಹೀಗೆ ನಾವು ಕಾಲು ಕಟ್ಟಿದ ಕುರಿಯ ಹಾಗೆ ತೆವಳುತ್ತಿದ್ದೆವು. ಅವ್ವನ ಕೈ ಕೂಸಿನ ಹಣೆಯ ಮೇಲೆ, ನನ್ನ ಕೈ ಪೈಪಿನ ಕೆಳಗೆ. ಎರಡೂ ಕಡೆ ಕಾವು ಇಳಿಯಲಿಲ್ಲ.

ಮೊದಲು ಕಂಡವಳು ಆಯಿ. ಉಮರ್ಗಾದ ದಿಕ್ಕಿಗೆ ಆಕಾಶ ಬೂದಿಬಣ್ಣಕ್ಕೆ ತಿರುಗಿತ್ತು, ಅದರ ಬುಡದಲ್ಲಿ ಕೆಂಧೂಳಿನ ಗೋಡೆ ಎದ್ದು ನಮ್ಮ ಕಡೆಗೇ ಬರುತ್ತಿತ್ತು. ಬೇಸಗೆಯ ಅವಕಾಳಿ, ಕಾಲವಲ್ಲದ ಕಾಲದ ಮಳೆ ಹಾಗೇ ಬರುವುದು, ಮೊದಲು ಧೂಳು, ಆಮೇಲೆ ಗಾಳಿ, ಆಮೇಲೆ ಎಲ್ಲ ಒಟ್ಟಿಗೆ. ಅಪ್ಪ ದೋಣಿಯ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸಿದ. ಅಡ್ಡ ನಿಂತರೆ ಅಲೆ ಮಗುಚಿ ಹಾಕುತ್ತದೆಂದು ಅವನು ಯಾವಾಗಲೂ ಹೇಳುತ್ತಿದ್ದ. ಪಂಚೆಯ ಚುಂಗನ್ನು ಮುಖಕ್ಕೆ ಸುತ್ತಿ, ಚುಕ್ಕಾಣಿ ಕಂಕುಳಲ್ಲಿ ಒತ್ತಿ, ಕಣ್ಣು ಕಿರಿದು ಮಾಡಿ ಅಲೆಯನ್ನೇ ನೋಡುತ್ತಿದ್ದ. ಧೂಳಿನಲ್ಲಿ ನಮಗೆ ನಾವೇ ಕಾಣದಾದೆವು. ದಪ್ಪ ಹನಿ ಬಿದ್ದವು, ಕಾದ ಇಂಜನ್ನಿನ ಮೇಲೆ ಚುರ್ ಚುರ್ ಎಂದವು. ತಲೆಯ ಮೇಲೇ ಗುಡುಗಿತು.

ಕಾದ ಬೀಡಿನ ಮೇಲೆ ತಣ್ಣೀರು ಬೀಳಬಾರದು ಎಂದು ಅಪ್ಪ ಮನೆಯಲ್ಲಿ ನೂರು ಸಲ ಅಂದದ್ದನ್ನು ಆಯಿಯೂ ಕೇಳಿದ್ದಳು. ಗೂಡು ಮನೆಯಲ್ಲಿ ಕೋಳಿಗಳ ಮೇಲಿತ್ತು. ಮೇಲೆ ಸಿಡಿಲು, ಎದುರಿಗೆ ಇಷ್ಟು ದೊಡ್ಡ ಕಬ್ಬಿಣ, ಹೆಗಲ ಮೇಲೆ ಕಂಬಳಿ. ಆಯಿ ತನ್ನ ಬದುಕಿನಲ್ಲಿ ಹೀಗಾದಾಗಲೆಲ್ಲ ಮಾಡುತ್ತಿದ್ದುದನ್ನೇ ಮಾಡಿದಳು. ಮೊಣಕಾಲೂರಿ ತೆವಳಿ ಹೋಗಿ, ದೇವರ ಕಂಬಳಿಯನ್ನು ಇಂಜನ್ನಿನ ಮೇಲೆ ಹೊದಿಸಿ, ಕೂಸಿಗೆ ಹೊದಿಸುವ ಹಾಗೆ ಅಂಚುಗಳನ್ನು ಒಳಗೆ ಸಿಕ್ಕಿಸಿದಳು. ಇಂಜನ್ನಿನ ಮಗ್ಗುಲಲ್ಲಿ ಜಾಳಿಗೆಯ ಒಂದು ಡಬ್ಬಿ ಇತ್ತು, ಅದು ಉಸಿರೆಳೆಯುವ ಬಾಯಿ. ಕಂಬಳಿ ಅಲ್ಲಿಗೆ ಫಟ್ಟನೆ ಅಂಟಿಕೊಂಡಿತು. ಸುಟ್ಟ ಉಣ್ಣೆಯ ವಾಸನೆ ಬಂತು. ಇಂಜನ್ನು ಕರಿಹೊಗೆ ಕಾರಿ ಕೆಮ್ಮಿತು, ತಡೆತಡೆದು ಬಡಿದುಕೊಂಡಿತು, ನಿಂತಿತು. ಆಮೇಲೆ ಗಾಳಿಯ ಸದ್ದೊಂದೇ. ದೋಣಿ ಮೆಲ್ಲಗೆ ಅಡ್ಡ ತಿರುಗಿತು.

"ಏನ್ ಮಾಡ್ದಿ ಯವ್ವಾ! ಉಸರ ಕಟ್ಟಿ ಕೊಂದಿ ಅದಕ್ಕ! ನಮಗೂ ಕೊಂದಿ!"

ಅಪ್ಪ ತನ್ನ ತಾಯಿಯ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಅಪ್ಪ ಕಂಬಳಿ ಕಿತ್ತು ಕಾಲ ಬಳಿ ಒಗೆದ. ಡಬ್ಬಿಯ ಮುಚ್ಚಳ ಬಿಚ್ಚುವಾಗ ಬೆರಳು ಸುಟ್ಟವು. ಹಾಗೇ ಒಳಗಿನ ಉಣ್ಣೆಯ ಜೂಲನ್ನು ಕಿತ್ತ. ಹ್ಯಾಂಡಲ್ಲು ಸಿಕ್ಕಿಸಿ ತಿರುಗಿಸಲು ನಿಂತರೆ ನಿಲ್ಲಲಾಗುತ್ತಿರಲಿಲ್ಲ. ಅಡ್ಡ ಬಿದ್ದ ದೋಣಿಗೆ ಪ್ರತಿ ಅಲೆಯೂ ಮಗ್ಗುಲಿಂದ ನೀರು ಸುರಿಯುತ್ತಿತ್ತು. ಅಪ್ಪ ಒಂದು ಸುತ್ತು ತಿರುಗಿಸುವಷ್ಟರಲ್ಲಿ ಜಾರಿ ಬೀಳುತ್ತಿದ್ದ, ಏಳುತ್ತಿದ್ದ, ಮತ್ತೆ ಬೀಳುತ್ತಿದ್ದ. ಗಾಳಿ ನಮ್ಮನ್ನು ಕೆಳದಡದ ಜಾಲಿಬೊಡ್ಡೆಗಳ ಕಡೆಗೆ ತಳ್ಳುತ್ತಿತ್ತು. ಅವು ಹತ್ತಿರಾಗುವುದು ಮಿಂಚಿನಲ್ಲಿ ಕಾಣುತ್ತಿತ್ತು. ಒಂದಕ್ಕೆ ಚುಚ್ಚಿಕೊಂಡರೆ ಆ ಪತ್ರಾ ಹರಿಯುವುದಕ್ಕೆ ಎಷ್ಟು ಹೊತ್ತು? ಅವ್ವ ಬೀರುವನ್ನು ಸೀರೆಯಿಂದ ತನ್ನ ಎದೆಗೆ ಬಿಗಿದು ಗಂಟು ಹಾಕಿಕೊಂಡಳು. ಮುಳುಗಿದರೆ ಇಬ್ಬರೂ ಒಟ್ಟಿಗೆ ಎಂದು ಆ ಗಂಟು ಹಾಕಿದಳೆಂಬುದು ನನಗೆ ಆಗಲೇ ತಿಳಿಯಿತು. ನನ್ನನ್ನು ಕಟ್ಟಿಕೊಳ್ಳಲು ಸೀರೆ ಉಳಿದಿರಲಿಲ್ಲ. ಅವಳು ನನ್ನ ಕಡೆ ನೋಡಿ ಮುಖ ತಿರುಗಿಸಿಕೊಂಡಳು.

ಆಗ ಆಯಿ ಕಾಲ ಬಳಿ ನೆನೆದು ಬಿದ್ದಿದ್ದ ಕಂಬಳಿಯನ್ನು ಎಳೆದುಕೊಂಡಳು. ವರ್ಷವರ್ಷವೂ ಇದೇ ಕೆರೆಯಲ್ಲಿ ಕಂಬಳಿ ಒಗೆದವಳು ಅವಳು. ನೀರು ಕುಡಿದ ಕಂಬಳಿ ನೀರೊಳಗೆ ಎಷ್ಟು ಜಗ್ಗುತ್ತದೆಂದು ಅವಳ ತೋಳುಗಳಿಗೆ ಗೊತ್ತಿತ್ತು. ಹಳ್ಳ ದಾಟುವಾಗ ಅದು ನೀರಿಗೆ ಬಿದ್ದರೆ ಹಿಡಿದವಳನ್ನೇ ಎಳೆದೊಯ್ಯುತ್ತಿತ್ತು. ಆಗಷ್ಟೇ ಹುಟ್ಟಿದ ಮರಿಗಳನ್ನು ಹೊರುವಾಗ ಮಾಡುತ್ತೇವಲ್ಲ, ಹಾಗೆ ನಾಲ್ಕೂ ಮೂಲೆ ಕೂಡಿಸಿ, ನಡುವೆ ಜೋಳಿಗೆಯಾಗುವಂತೆ ದೋಣಿ ಕಟ್ಟುವ ಆಡುಕೂದಲ ಹಗ್ಗದಿಂದ ಬಿಗಿದಳು.

"ಮಾಳ್ಯಾ, ಇದಕ್ಕ ಮೂತೀಗ ಕಟ್ಟಿ ನೀರಾಗ ಬಿಡು. ಜಗ್ಗಿ ಹಿಡೀತದ. ಮೂತಿ ಗಾಳೀಗ ತಿರಗತದ."

"ಯವ್ವಾ, ದೇವರದು ಅದು."

"ಅದಕ್ಕೇ ಅಂತೀನಿ. ಬಿಡು ಲಗೂನ!"

ಅಪ್ಪ ಮುಂದಕ್ಕೆ ತೆವಳಿ ಹಗ್ಗವನ್ನು ಮೂತಿಯ ಕೊಂಡಿಗೆ ಕಟ್ಟಿ ಕಂಬಳಿಯನ್ನು ನೀರಿಗೆ ಬಿಟ್ಟ. ಮೊದಲು ಅದು ತೇಲಿತು. ಆಮೇಲೆ ಹೊಟ್ಟೆ ತುಂಬಿಕೊಂಡು ಒಳಗಿಳಿಯಿತು. ಹಗ್ಗ ಟಣ್ಣೆಂದು ಬಿಗಿಯಿತು. ದೋಣಿಯನ್ನು ಯಾರೋ ಮೂಗುದಾರ ಹಿಡಿದು ತಿರುಗಿಸಿದ ಹಾಗಾಯಿತು. ಅಲೆ ಈಗ ಮಗ್ಗುಲಿಗಲ್ಲ, ಎದುರಿಗೆ ಬಡಿಯತೊಡಗಿತು. ತೇಲಿ ಹೋಗುವುದು ನಿಲ್ಲಲಿಲ್ಲ, ಆದರೆ ನಿಧಾನವಾಯಿತು, ಅಪ್ಪನಿಗೆ ಕಾಲೂರಲು ಆಯಿತು. ಹಾಲಿನ ಕ್ಯಾನಿನ ಮುಚ್ಚಳವನ್ನು ನನ್ನ ಕೈಗೆ ಕೊಟ್ಟು, ಇಂಜನ್ನಿನ ಬಾಯಿಗೆ ಮಳೆ ಬೀಳದ ಹಾಗೆ, ಆದರೆ ಗಾಳಿ ಹೋಗುವಷ್ಟು ಬಿಟ್ಟು, ಓರೆಯಾಗಿ ಹಿಡಿಯೆಂದ. ಇನ್ನೊಂದು ಕೈಯಲ್ಲಿ ಮೇಲಿನ ಸಣ್ಣ ಕೀಲು. ಅದನ್ನು ಎತ್ತಿ ಹಿಡಿದರೆ ಇಂಜನ್ನು ಹಗುರಾಗಿ ತಿರುಗುತ್ತದೆ; ವೇಗ ಬಂದ ಗಳಿಗೆಗೆ ಬಿಡಬೇಕು.

"ನಾ ಅಂದಾಗ ಬಿಡು ಪಾರೂ. ಮದ್ಲು ಬ್ಯಾಡ, ತಡಾನೂ ಬ್ಯಾಡ. ಹಾಂ... ಹಾಂ... ಬಿಡು!"

ಹಿಡಿಯಲಿಲ್ಲ. ಮತ್ತೆ ತಿರುಗಿಸಿದ. ಹಿಡಿಯಲಿಲ್ಲ. ಅಪ್ಪನ ಸುಟ್ಟ ಬೆರಳುಗಳಿಂದ ಹ್ಯಾಂಡಲ್ಲು ಜಾರುತ್ತಿತ್ತು. ಅವ್ವ ಕೂತಲ್ಲಿಂದಲೇ ಅವನ ಪಂಚೆಯ ಚುಂಗನ್ನು ಹಲ್ಲಿಂದ ಹರಿದು ಅವನ ಕೈಗೆ ಸುತ್ತಿದಳು. ಜಾಲಿಯ ಬೊಡ್ಡೆಯೊಂದು ಹಿಂದುಗಡೆ ಪತ್ರಾಕ್ಕೆ ಕಿರ್ರೆಂದು ಉಜ್ಜಿತು. ಅಪ್ಪ ಬೀರಪ್ಪನ ಹೆಸರು ಕೂಗಿದನೋ, ಮಗನನ್ನು ಕೂಗಿದನೋ, ಕೂಗಿ ತಿರುಗಿಸಿದ. ನಾನು ಕೀಲು ಬಿಟ್ಟೆ. ಇಂಜನ್ನು ಒಮ್ಮೆ ಬಡಿಯಿತು. ಸುಮ್ಮನಾಯಿತು. ಇನ್ನೊಮ್ಮೆ ಬಡಿಯಿತು. ಆಮೇಲೆ ತಾನೇ ಎದ್ದು ನಡೆಯಿತು.

ಈಗ ಕಂಬಳಿ ನಮ್ಮನ್ನು ಹಿಂದಕ್ಕೆ ಹಿಡಿದಿತ್ತು. ಅದನ್ನು ದೋಣಿಗೆ ಎಳೆದುಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ. ದೋಣಿ ಮುಂದೆ ಸಾಗಿ ಹಗ್ಗ ಸಡಿಲಾದರೆ, ಅಡಿಯಿಂದ ಹೋಗಿ ಪಂಖಾಕ್ಕೆ ಸುತ್ತಿಕೊಳ್ಳುತ್ತಿತ್ತು. ಅಪ್ಪ ಸಳಿ ಹಿಡಿದು ತಾಯಿಯ ಮುಖ ನೋಡಿದ. ಕತ್ತರಿಸು ಎಂದು ಬಾಯಿಬಿಟ್ಟು ಹೇಳಲಿಲ್ಲ. ಆಯಿ ಸೊಂಟದಿಂದ ಉಣ್ಣೆಯ ಕತ್ತರಿ ತೆಗೆದು ಮೂತಿಗೆ ಬಾಗಿದಳು. ನೆನೆದ ಕೂದಲ ಹಗ್ಗ ಬೇಗ ಹರಿಯಲಿಲ್ಲ. ಕುರಿಯ ಮೈಮೇಲೆ ಆಡಿಸುವ ಹಾಗೆ ಕತ್ತರಿ ಆಡಿಸುತ್ತ, ಮಾತಾಡುತ್ತಲೇ ಇದ್ದಳು.

"ನೀ ಹೋಗಪ್ಪಾ ಬೀರಪ್ಪಾ. ನಿನಗ ಮುಂದಿನ ವರ್ಷ ಹೊಸಾದು ನೇಯಿಸ್ತೀನಿ. ನೀ ಹೋಗು. ಇಂವಾ ಇರ್ಲಿ. ಇಂವಾ ಇರ್ಲಿ."

ಹಗ್ಗ ಹರಿಯಿತು. ಆಮೇಲಿನ ದಾರಿಯಲ್ಲಿ ಅಪ್ಪ ಜೋರು ಮಾಡಲಿಲ್ಲ, ಅವ್ವನೂ ಕೇಳಲಿಲ್ಲ. ಅಲೆ ಏರಿ ಹಿಂದಿನ ಪಂಖಾ ನೀರಿನಿಂದ ಮೇಲೆ ಬಂದಾಗಲೆಲ್ಲ ಇಂಜನ್ನು ಹುಚ್ಚೆದ್ದು ಕೂಗುತ್ತಿತ್ತು, ಅಷ್ಟಕ್ಕೇ ಅಪ್ಪ ಸಳಿ ಹಿಂದಕ್ಕೆ ತರುತ್ತಿದ್ದ, ಮತ್ತೆ ಬಿಡುತ್ತಿದ್ದ. ಮಳೆ ಬೀರುವಿನ ಮುಖದ ಮೇಲೆ ಸುರಿಯಲಿ ಎಂದು ಅವ್ವ ಸೆರಗು ತೆಗೆದಿದ್ದಳು. ಅವನು ಅಳಲಿಲ್ಲ. ಅಳಲಿ ಎಂದು ನಾವೆಲ್ಲ ಕಾಯುತ್ತಿದ್ದೆವು. ಆಯಿ ಅವನ ಅಂಗಾಲು ತಿಕ್ಕಿದಳು, ಚಿವುಟಿದಳು. ಅವನು ಅಳಲಿಲ್ಲ.

ಆಚೆ ದಡದ ಹುಣಸೆಯ ಕೆಳಗೆ ಮೆಹಬೂಬ್ ಚಾಚಾ ಮೋಟಾರ್ ಸೈಕಲ್ಲಿನ ಮರೆಗೆ ಕುಕ್ಕರಗಾಲಲ್ಲಿ ಕೂತಿದ್ದ. ನಮ್ಮನ್ನು ಕಂಡು ಏನೋ ಚೇಷ್ಟೆಯ ಮಾತಿಗೆ ಬಾಯಿ ತೆರೆದವನು ಅವ್ವನ ಮಡಿಲು ನೋಡಿ ಬಾಯಿ ಮುಚ್ಚಿದ. ಗಾಡಿ ಒದ್ದು ಚಾಲೂ ಮಾಡಿ, 'ಬೈಠೋ ಬೇಟೀ' ಎಂದ. ಅವ್ವ ಹಿಂದೆ ಕೂತಳು, ಗಾಡಿ ಕೆಸರು ಹಾರಿಸುತ್ತ ಹೋಗಿಬಿಟ್ಟಿತು. ಅಪ್ಪ ದೋಣಿಯನ್ನು ಕೆಸರಿಗೆ ಏರಿಸಿ ಅವರ ಹಿಂದೆ ಓಡತೊಡಗಿದ.

"ಅಪ್ಪಾ, ಇಂಜನ್ ಚಾಲೂ ಅದ!"

"ಇರ್ಲಿ ಬಿಡು. ಉರದು ಹೋಗ್ಲಿ!"

ದಡ ಮುಟ್ಟಿದ ಮೇಲೂ ಇಂಜನ್ನು ತಣಿಯುವ ತನಕ ಮಗ್ಗುಲಲ್ಲಿ ಕೂತು ಕಾಯುತ್ತಿದ್ದ ಮನುಷ್ಯ ತಿರುಗಿಯೂ ನೋಡಲಿಲ್ಲ. ನಾನು ಆಯಿಯ ಕೈ ಹಿಡಿದುಕೊಂಡು ಹಿಂದೆ ನಡೆದೆ. ಕಂಬಳಿಯಿಲ್ಲದ ಅವಳ ಹೆಗಲು ಇಷ್ಟು ಸಣ್ಣದೆಂದು ನನಗೆ ಗೊತ್ತಿರಲಿಲ್ಲ. ದವಾಖಾನೆಯ ತನಕವೂ ಹಿಂದಿನಿಂದ ಆ ಬಾವಿಯ ಇಂಜನ್ನಿನ ಸದ್ದು ಕೇಳುತ್ತಲೇ ಇತ್ತು, ಅಥವಾ ನನ್ನ ಕಿವಿಯಲ್ಲಿ ಇತ್ತು.

ನಾವು ಮುಟ್ಟುವಷ್ಟರಲ್ಲಿ ಬೀರುವನ್ನು ಮೇಜಿನ ಮೇಲೆ ಬರಿಮೈಯಲ್ಲಿ ಮಲಗಿಸಿ, ಹಸಿ ಬಟ್ಟೆ ಹೊದಿಸಿ, ಸಲಾಯಿನ್ ಹಚ್ಚಲು ನರ ಹುಡುಕುತ್ತಿದ್ದರು. ಸಣ್ಣ ಕೈ, ನರ ಸಿಗುತ್ತಿರಲಿಲ್ಲ. ಅವ್ವ ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ಕಡೆಗೆ ಸೂಜಿ ಇಳಿದಾಗ ಅವನು ಅತ್ತ. ಹರಿದ, ಒಡಕು ದನಿ, ಆದರೂ ಬೀರುವಿನದೇ. ಅಪ್ಪ ಅಲ್ಲೇ ನೆಲದ ಮೇಲೆ ಕುಸಿದು ಕೂತು, ಬಟ್ಟೆ ಸುತ್ತಿದ ಕೈಯಿಂದ ಮುಖ ಮುಚ್ಚಿಕೊಂಡ. ಆಯಿ ಅವನ ಮಗ್ಗುಲಲ್ಲಿ ಕೂತಳು. ಆಮೇಲೆ ಅಪ್ಪ ತಲೆ ಎತ್ತದೆ, 'ಬೆರಳು ಉರೀಲತ್ತಾವ ಯವ್ವಾ' ಎಂದ. ಆಯಿ ಆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಊದತೊಡಗಿದಳು.

ಕತ್ತಲಾಗುತ್ತಲೇ ಚಾಚಾನ ಮನೆಯಿಂದ ಖಿಚಡಿ, ಹುಣಸೆಯ ಖಟ್ಟಾ ಬಂದವು. ನನ್ನ ಗಂಟಿನೊಳಗಿನ ರೊಟ್ಟಿ ಮಳೆಗೆ ನೆನೆದು ಮುದ್ದೆಯಾಗಿದ್ದವು. ಅವನ್ನು ಎಸೆಯಲು ಅವ್ವ ಬಿಡಲಿಲ್ಲ, ಖಿಚಡಿಯಲ್ಲೇ ಕಲಸಿ ವರಾಂಡದಲ್ಲಿ ಕೂತು ಎಲ್ಲರೂ ಉಂಡೆವು. ಅದರಲ್ಲೂ ಡೀಸೆಲ್ಲಿನ ವಾಸನೆ ಇತ್ತು. ಅವ್ವ ಉಣ್ಣಲು ಕೂತಷ್ಟು ಹೊತ್ತು ನನ್ನನ್ನು ತನ್ನ ತೊಡೆಗೆ ಒತ್ತಿ ಹಿಡಿದಿದ್ದಳು, ಎಡಗೈ ಬಿಡಲೇ ಇಲ್ಲ. ಮೊದಲು ನಿದ್ದೆ ಹೋದವಳು ಆಯಿ. ಕಂಬಳಿಯಿಲ್ಲದೆ ಮಲಗಿದ್ದು ಅದೇ ಮೊದಲಿರಬೇಕು. ಗೋಡೆಗೊರಗಿ, ಮೊಣಕಾಲು ಮಡಚಿ, ಅವ್ವ ಹೊದಿಸಿದ ಅರ್ಧ ಒಣಗಿದ ಸೆರಗಿನ ಕೆಳಗೆ. ಅವಳ ಪಕ್ಕದಲ್ಲಿ ಅಪ್ಪ, ಕೈ ಇನ್ನೂ ಅವಳ ತೊಡೆಯ ಮೇಲೆ. ನನಗೂ ರೆಪ್ಪೆ ಕೂಡುತ್ತಿದ್ದವು. ಬೀರು ಮಾತ್ರ ಎದ್ದಿದ್ದ. ಅವ್ವನ ಅಂಗೈ ಹಣೆಯ ಮೇಲೆ ಹೊತ್ತು, ಮೇಲೆ ತೂಗುವ ಬಾಟಲಿಯಲ್ಲಿ ಒಂದೊಂದೇ ಬೀಳುವ ಹನಿಯನ್ನು ಕಣ್ಣು ಅಗಲಿಸಿ ನೋಡುತ್ತಿದ್ದ.